ನೆಲಮಾಳಿಗೆಯನ್ನು ಕೋಣೆ ಮಾಡುವ ಮುನ್ನ ಗೋಡೆಯ ತೇವಕ್ಕೆ ಏನು ಮಾಡಬೇಕು?

ಕೆಳಮನೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ನೆಲಮಾಳಿಗೆ ಇಷ್ಟು ದಿನ ಬೇಡವಾದ ಸಾಮಾನು ತುರುಕುವ ಜಾಗವಾಗಿತ್ತು. ಈಗ ಅಲ್ಲಿ ಒಂದು ಓದುವ ಕೋಣೆ, ಬಂದವರಿಗೆ ಮಲಗಲು ಇನ್ನೊಂದು ಕೋಣೆ ಮಾಡಿಸುವ ಆಲೋಚನೆ ಇದೆ. ಸುತ್ತಲೂ ಕಾಂಕ್ರೀಟ್ ಗೋಡೆ, ಕೆಳಗೆ ಕಾಂಕ್ರೀಟ್ ನೆಲ. ಎರಡಕ್ಕೂ ಏನೂ ಬಳಿದಿಲ್ಲ.

ತೊಂದರೆ ಏನೆಂದರೆ, ಹಿಂಭಾಗದ ಗೋಡೆಯಲ್ಲಿ ಮೊಣಕಾಲೆತ್ತರದವರೆಗೆ ಬಿಳಿ ಪುಡಿ ಏಳುತ್ತದೆ. ಗುಡಿಸಿದರೆ ಹೋಗುತ್ತದೆ, ಮತ್ತೆ ಬರುತ್ತದೆ. ಜೋರು ಮಳೆ ಬಿದ್ದ ಮರುದಿನ ಅದೇ ಗೋಡೆಯ ಬುಡದಲ್ಲಿ, ನೆಲ ಸೇರುವ ಸಂದಿಯುದ್ದಕ್ಕೂ ಒಂದು ಕಪ್ಪು ಗೆರೆ ಕಾಣಿಸುತ್ತದೆ. ಮೂಲೆಯಲ್ಲಿ ಅಂಗೈಯಗಲ ನೀರು ನಿಂತದ್ದೂ ಉಂಟು. ಸಾಲದ್ದಕ್ಕೆ ಮಳೆಯೇ ಇಲ್ಲದ ಸೆಕೆಗಾಲದಲ್ಲೂ ಮುಗ್ಗಲು ವಾಸನೆ.

ಗುತ್ತಿಗೆದಾರರು ಹೇಳುವುದು: ಒಳಗಿನಿಂದ ಜಲನಿರೋಧಕ ಬಣ್ಣ ಎರಡು ಕೋಟು, ಅದರ ಮುಂದೆ ಮರದ ಚೌಕಟ್ಟು, ಚೌಕಟ್ಟಿನ ನಡುವೆ ಗಾಜಿನುಣ್ಣೆ, ಅದಕ್ಕೊಂದು ಪ್ಲಾಸ್ಟಿಕ್ ಹಾಳೆ, ಮೇಲೆ ಜಿಪ್ಸಮ್ ಬೋರ್ಡ್. ನೆಲಕ್ಕೆ ನೇರವಾಗಿ ಮರದ ಹಲಗೆ. ಕೇಳಲು ಹಿತವಾಗಿದೆ, ಆದರೆ ನಂಬಿಕೆ ಬರುತ್ತಿಲ್ಲ. ಬಲ್ಲವರು ತಿಳಿಸಿ.

ಒಣಗೋಡೆ

ಅವರು ಹೇಳಿದ್ದರಲ್ಲಿ ತಪ್ಪೇನು ಕಾಣಿಸುತ್ತಿಲ್ಲ. ನಮ್ಮ ನೆಲಮಾಳಿಗೆಗೆ ಒಳಗಿನಿಂದಲೇ ಸಿಮೆಂಟ್ ಆಧಾರಿತ ಜಲನಿರೋಧಕ ಲೇಪ ಬಳಿಸಿ ವರ್ಷಗಳೇ ಆದವು, ಒಂದು ಹನಿ ಇಲ್ಲ. ಇಂಥ ಚರ್ಚೆ ಎಲ್ಲಿ ನಡೆದರೂ ಕಡೆಗೆ ಎಲ್ಲರೂ ಸೇರಿ ಮನೆಯ ಸುತ್ತ ಅಗೆಯಿರಿ ಎಂದು ಹೇಳಿ ಎದ್ದು ಹೋಗುತ್ತಾರೆ. ಮೊದಲು ಸುಲಭವಾದದ್ದನ್ನು ಮಾಡಿ ನೋಡಿ.

ಮಳೆಲೆಕ್ಕ

ಬಣ್ಣದ ಡಬ್ಬಿ ತೆರೆಯುವ ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂಬುದು ಗೊತ್ತಾಗಬೇಕು. ಕೆಳಮನೆಯವರು ಬರೆದದ್ದರಲ್ಲಿ ಒಂದಲ್ಲ, ಮೂರು ತೊಂದರೆಗಳಿವೆ ಎಂದು ನನ್ನ ಅನುಮಾನ. ಮೂರಕ್ಕೂ ಮದ್ದು ಬೇರೆ ಬೇರೆ.

ಮಳೆಯ ಮರುದಿನ ಸಂದಿಯಲ್ಲಿ ಕಾಣುವುದು ದ್ರವರೂಪದ ನೀರು. ಗೋಡೆಯ ಹೊರಗೆ ಮಣ್ಣಿನಲ್ಲಿ ತುಂಬಿದ ನೀರು ದಾರಿ ಹುಡುಕಿಕೊಂಡು ಒಳಗೆ ಬರುತ್ತಿದೆ. ಗೋಡೆಯನ್ನೂ ನೆಲವನ್ನೂ ಬೇರೆ ಬೇರೆ ಹೊತ್ತಿನಲ್ಲಿ ಸುರಿದಿರುವುದರಿಂದ ಅವೆರಡೂ ಎಂದಿಗೂ ಒಂದಾಗಿ ಬೆಸೆದಿರುವುದಿಲ್ಲ. ನೆಲಮಾಳಿಗೆಯಲ್ಲಿ ನೀರಿಗೆ ಸಿಗುವ ಮೊದಲ ಬಾಗಿಲು ಆ ಸಂದಿಯೇ.

ಮೊಣಕಾಲೆತ್ತರದ ಬಿಳಿ ಪುಡಿ ಲೋಮನಾಳ ಕ್ರಿಯೆಯ ಗುರುತು. ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳಲ್ಲಿ ನೀರು ತಾನಾಗಿಯೇ ಮೇಲೇರುತ್ತದೆ, ಬರುವಾಗ ಸಿಮೆಂಟಿನ ಮತ್ತು ಮಣ್ಣಿನ ಲವಣಗಳನ್ನು ಕರಗಿಸಿಕೊಂಡು ತರುತ್ತದೆ. ಗೋಡೆಯ ಮೈ ಮೇಲೆ ನೀರು ಆರಿ ಹೋಗಿ ಲವಣ ಉಳಿಯುತ್ತದೆ. ಇದು ಬೂಷ್ಟೋ ಉಪ್ಪೋ ಎಂಬ ಸಂಶಯವಿದ್ದರೆ ಬೆರಳಲ್ಲಿ ತಿಕ್ಕಿ ನೋಡಿ. ಉಪ್ಪಾದರೆ ಗರಗರ ಎನ್ನುತ್ತದೆ, ಹೆಚ್ಚಿನ ಸಲ ನೀರು ಚಿಮುಕಿಸಿದರೆ ಮಾಯವಾಗಿ ಒಣಗಿದ ಮೇಲೆ ಮತ್ತೆ ಮೂಡುತ್ತದೆ. ಬೂಷ್ಟು ನೀರು ಬಿದ್ದರೆ ಮೆತ್ತಗಾಗಿ ಅಲ್ಲೇ ಕೂರುತ್ತದೆ, ಕರಗುವುದಿಲ್ಲ.

ಸೆಕೆಗಾಲದ ವಾಸನೆಗೆ ಮಣ್ಣಿನ ನೀರೇ ಕಾರಣವಾಗಬೇಕಿಲ್ಲ. ಅದು ಗಾಳಿಯಲ್ಲಿದ್ದ ತೇವ ತಣ್ಣನೆಯ ಗೋಡೆಗೆ ತಾಗಿ ಹನಿಯಾಗುವುದರಿಂದಲೂ ಬರಬಹುದು. ಇದನ್ನು ತಿಳಿಯಲು ಹಳೆಯ, ಸರಳ ಪರೀಕ್ಷೆಯೊಂದಿದೆ. ಸುಮಾರು 45 ಸೆಂಟಿಮೀಟರ್ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನೋ ಅಲ್ಯೂಮಿನಿಯಂ ಹಾಳೆಯನ್ನೋ ಗೋಡೆಗೆ ಒತ್ತಿ, ನಾಲ್ಕೂ ಅಂಚನ್ನು ಗಾಳಿಯಾಡದಂತೆ ಟೇಪಿನಿಂದ ಮುಚ್ಚಿ. ನೆಲದ ಮೇಲೆ ಇನ್ನೊಂದು ಅಂಟಿಸಿ. ಕನಿಷ್ಠ 16 ಗಂಟೆ ಬಿಡಬೇಕು, ನಾನಾದರೆ ಎರಡು ದಿನ ಬಿಡುತ್ತೇನೆ. ಹಾಳೆಯ ಹೊರಮೈ ಒದ್ದೆಯಾದರೆ ತೇವ ಕೋಣೆಯ ಗಾಳಿಯದು. ಒಳಮೈ ಒದ್ದೆಯಾಗಿ, ಹಾಳೆಯಡಿಯ ಕಾಂಕ್ರೀಟ್ ಕಪ್ಪಾದರೆ ತೇವ ಗೋಡೆಯೊಳಗಿನಿಂದ ಬರುತ್ತಿದೆ. ಎರಡೂ ಒದ್ದೆಯಾಗುವುದೂ ಉಂಟು.

ಒಂದೇ ಹಾಳೆ ಅಂಟಿಸಿ ತೀರ್ಮಾನಕ್ಕೆ ಬರಬೇಡಿ. ಪುಡಿ ಏಳುವ ಗೋಡೆಗೊಂದು, ಒಣಗಿದಂತೆ ಕಾಣುವ ಗೋಡೆಗೊಂದು, ನೆಲದ ನಡುವೆ ಒಂದು, ಮೂಲೆಯಲ್ಲಿ ಒಂದು ಇರಲಿ. ಬಿಸಿಲುಗಾಲದಲ್ಲಿ ಒಣಗಿದ್ದ ನೆಲ ಮಳೆಗಾಲದಲ್ಲಿ ಒದ್ದೆ ತೋರಿಸುತ್ತದೆ, ಅದೂ ಗಮನದಲ್ಲಿರಲಿ.

ಗಾರೆಕೈ

ಪರೀಕ್ಷೆ ನಡೆಯಲಿ. ಅಷ್ಟರೊಳಗೆ ಒಂದು ಕೆಲಸ ಮಾಡಿ: ಮುಂದಿನ ಜೋರು ಮಳೆಗೆ ಕೊಡೆ ಹಿಡಿದು ಮನೆಯ ಸುತ್ತ ಒಂದು ಸುತ್ತು ಬನ್ನಿ. ನಾನು ಕಂಡ ನೆಲಮಾಳಿಗೆಗಳಲ್ಲಿ ಹೆಚ್ಚಿನವಕ್ಕೆ ನೀರು ಬಂದದ್ದು ಪಾತಾಳದಿಂದಲ್ಲ, ಅದೇ ಮನೆಯ ಮಾಡಿನಿಂದ.

ಲೆಕ್ಕ ಹಾಕಿ ನೋಡಿ. 1 ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್. 100 ಚದರ ಮೀಟರ್ ಮಾಡಿನ ಮೇಲೆ 25 ಮಿಲಿಮೀಟರ್ ಮಳೆಯಾದರೆ 2,500 ಲೀಟರ್. ಆ ನೀರೆಲ್ಲ ನಾಲ್ಕು ಪೈಪುಗಳಲ್ಲಿ ಇಳಿದು ಗೋಡೆಯ ಬುಡಕ್ಕೇ ಬೀಳುತ್ತಿದ್ದರೆ ಒಂದೊಂದು ಮೂಲೆಗೂ 600 ಲೀಟರಿಗಿಂತ ಹೆಚ್ಚು ಸುರಿದಂತಾಯಿತು. ಮೂಲೆಯಲ್ಲಿ ನೀರು ನಿಂತಿತ್ತು ಎಂದಿರಿ. ಆ ಮೂಲೆಯ ಹೊರಗೆ ಮಳೆನೀರಿನ ಪೈಪ್ ಇದೆಯೇ?

ಎರಡನೆಯದು ನೆಲದ ವಾಟ. ಮನೆ ಕಟ್ಟುವಾಗ ನೆಲಮಾಳಿಗೆಯ ಸುತ್ತ ಅಗೆದ ಗುಂಡಿಗೆ ಆಮೇಲೆ ತುಂಬಿದ ಮಣ್ಣು ಸಡಿಲವಾಗಿರುತ್ತದೆ. ಕಾಲ ಕಳೆದಂತೆ ಅದು ಕುಸಿದು ಗೋಡೆಗುಂಟ ತಗ್ಗು ಬೀಳುತ್ತದೆ, ನೀರು ಗೋಡೆಯ ಕಡೆಗೇ ಹರಿಯುತ್ತದೆ. ಗೋಡೆಯಿಂದ ಮೊದಲ 3 ಮೀಟರಿನಲ್ಲಿ ನೆಲ 15 ಸೆಂಟಿಮೀಟರಾದರೂ ಇಳಿದಿರಬೇಕು. ಗೋಡೆಯ ಬುಡಕ್ಕೆ ಜಿಗುಟು ಮಣ್ಣು ಹಾಕಿ ಗುಮ್ಮಿಸಬೇಕು, ಮರಳು ಹಾಕಬಾರದು. ಮರಳು ಹಾಕಿದರೆ ನೋಡಲು ವಾಟ ಇರುತ್ತದೆ, ನೀರು ಮಾತ್ರ ಅದರೊಳಗೆ ಇಳಿದು ಗೋಡೆಗೇ ಹೋಗುತ್ತದೆ. ಮಣ್ಣು ಏರಿಸುವ ಉತ್ಸಾಹದಲ್ಲಿ ಗೋಡೆಯ ಮರದ ಭಾಗಗಳನ್ನೋ ಗಾಳಿಕಿಂಡಿಯನ್ನೋ ಮುಚ್ಚಿಬಿಡಬೇಡಿ.

ಗೋಡೆಗೆ ಅಂಟಿದಂತೆ ಹೂವಿನ ಪಾತಿ ಮಾಡಿ ದಿನವೂ ನೀರು ಹಾಯಿಸುವವರನ್ನು ಕಂಡರೆ ನನಗೆ ಏನು ಹೇಳಬೇಕೆಂದೇ ತೋಚುವುದಿಲ್ಲ.

ಕೆಳಮನೆ

ಗಾರೆಕೈ ಅವರೇ, ಸರಿಯಾಗಿ ಹಿಡಿದಿರಿ. ಆ ಮೂಲೆಯ ಹೊರಗೇ ಪೈಪ್ ಇಳಿದಿದೆ, ಗೋಡೆಯಿಂದ ಒಂದು ಗೇಣು ದೂರದಲ್ಲಿ ಅದರ ಬಾಯಿ. ಕೆಳಗೆ ನೀರು ಕೊರೆದ ಕುಳಿಯೂ ಇದೆ. ಹೂವಿನ ಪಾತಿಯ ವಿಷಯದಲ್ಲಿ ಸದ್ಯಕ್ಕೆ ಮೌನ ವಹಿಸುತ್ತೇನೆ, ಅದು ಅತ್ತೆಯವರ ಇಲಾಖೆ.

ಹಾಳೆಗಳನ್ನು ಅಂಟಿಸಿದ್ದೇನೆ.

ಒಣಗೋಡೆ

ಪೈಪ್ ದೂರಕ್ಕೆ ಒಯ್ಯಿರಿ, ಅದಕ್ಕೆ ನನ್ನ ವಿರೋಧವಿಲ್ಲ. ಆದರೆ ಒಳಗಿನ ಲೇಪ ಕೆಲಸಕ್ಕೇ ಬಾರದು ಎಂಬಂತೆ ಯಾರೂ ಬರೆಯಬೇಡಿ. ಹಾಗಾದರೆ ನಮ್ಮ ಗೋಡೆ ಹೇಗೆ ನಿಂತಿದೆ?

ಮಳೆಲೆಕ್ಕ

ನಿಮ್ಮ ಮನೆ ಎಂಥ ಮಣ್ಣಿನಲ್ಲಿದೆ, ಇಳಿಜಾರಿನಲ್ಲಿದೆಯೇ ಸಮತಟ್ಟಿನಲ್ಲಿದೆಯೇ?

ಒಣಗೋಡೆ

ಇಳಿಜಾರು. ಮರಳು ಮಿಶ್ರಿತ ಮಣ್ಣು.

ಮಳೆಲೆಕ್ಕ

ಹಾಗಾದರೆ ನಿಮ್ಮ ಗೋಡೆಯ ಹೊರಗೆ ನೀರು ನಿಲ್ಲುವುದೇ ಇಲ್ಲ. ಲೇಪ ತಡೆಯಬೇಕಾದದ್ದು ಸ್ವಲ್ಪ ಒಸರು ಮಾತ್ರ, ಅದನ್ನು ತಡೆಯುತ್ತಿದೆ. ಸಿಮೆಂಟ್ ಆಧಾರಿತ ಲೇಪ ಕಾಂಕ್ರೀಟಿನ ರಂಧ್ರಗಳನ್ನೇ ಹಿಡಿದುಕೊಳ್ಳುವುದರಿಂದ ಒಳಗಿನಿಂದ ಬಳಿದರೂ ಒಂದು ಮಟ್ಟಿಗೆ ನಿಲ್ಲುತ್ತದೆ, ಒಪ್ಪುತ್ತೇನೆ. ಕೆಳಮನೆಯವರ ಗುತ್ತಿಗೆದಾರರು ಹೇಳಿದ ಬಣ್ಣ ಆ ಜಾತಿಯದಲ್ಲ. ಅದು ಮೇಲೆ ಕೂರುವ ಪೊರೆ.

ಜಿಗುಟು ಮಣ್ಣಿನಲ್ಲಿ ಗೋಡೆಯ ಹೊರಗೆ 1 ಮೀಟರ್ ಎತ್ತರಕ್ಕೆ ನೀರು ನಿಂತಿತು ಎನ್ನಿ. ಬುಡದಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು 1 ಟನ್ ತೂಕದಷ್ಟು ಒತ್ತಡ ಬೀಳುತ್ತದೆ. ಹೊರಗೆ ಬಳಿದ ಪೊರೆಯನ್ನು ಆ ಒತ್ತಡ ಗೋಡೆಗೆ ಒತ್ತಿ ಹಿಡಿಯುತ್ತದೆ. ಒಳಗೆ ಬಳಿದ ಪೊರೆಯನ್ನು ಅದೇ ಒತ್ತಡ ಗೋಡೆಯಿಂದ ಕಿತ್ತು ಎಬ್ಬಿಸುತ್ತದೆ. ಉಪ್ಪು ಏಳುವ ಗೋಡೆಯಾದರೆ ಇನ್ನೂ ಬೇಗ. ಪೊರೆಯ ಹಿಂದೆ ಲವಣ ಹರಳುಗಟ್ಟಿ ಬಣ್ಣವನ್ನಷ್ಟೇ ಅಲ್ಲ, ಕಾಂಕ್ರೀಟಿನ ಮೇಲ್ಪದರವನ್ನೂ ಹಪ್ಪಳಿಕೆಯಾಗಿ ಉದುರಿಸುತ್ತದೆ.

ಬಳಿದ ಬಣ್ಣ ಕಣ್ಣೆದುರಿಗಿದ್ದರೆ ಕಿತ್ತು ಬಂದದ್ದು ತಿಳಿಯುತ್ತದೆ. ಜಿಪ್ಸಮ್ ಬೋರ್ಡಿನ ಹಿಂದಿದ್ದರೆ ಮೂಗಿಗೆ ಬಡಿದ ಮೇಲೆಯೇ ಗೊತ್ತಾಗುವುದು.

ಇಟ್ಟಿಗೆಮನೆ

ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮದು ಟೊಳ್ಳು ಕಾಂಕ್ರೀಟ್ ಬ್ಲಾಕಿನ ಗೋಡೆ. ಬಿರುಕುಗಳಿವೆ. ಬಿರುಕಿಗೆ ಏನನ್ನಾದರೂ ತುಂಬಿ ಮುಚ್ಚಿಬಿಡಬಹುದೇ?

ಗಾರೆಕೈ

ಬಿರುಕು ಯಾವ ದಿಕ್ಕಿಗಿದೆ ನೋಡಿ. ನೆಟ್ಟಗೆ ಮೇಲಿಂದ ಕೆಳಗೆ ಕೂದಲೆಳೆಯಷ್ಟು ಇದ್ದರೆ ಅದು ಕಾಂಕ್ರೀಟ್ ಆರುವಾಗ ಕುಗ್ಗಿ ಬಿದ್ದದ್ದು, ಹೆದರಬೇಕಿಲ್ಲ. ಸುರಿದ ಕಾಂಕ್ರೀಟಿನ ಗೋಡೆಯಲ್ಲಿ ಇಂಥದ್ದರಿಂದ ನೀರು ಜಿನುಗುತ್ತಿದ್ದರೆ ಪಾಲಿಯುರೆಥೇನ್ ಚುಚ್ಚಿ ತುಂಬಿಸುತ್ತಾರೆ. ನೀರು ತಾಗಿದರೆ ಅದು ಉಬ್ಬುತ್ತದೆ, ಗಟ್ಟಿಯಾದ ಮೇಲೂ ಸ್ವಲ್ಪ ಬಾಗುತ್ತದೆ. ಗೋಡೆಗೆ ಬಲವೂ ಬರಬೇಕಾದರೆ ಎಪಾಕ್ಸಿ, ಆದರೆ ಅದಕ್ಕೆ ಬಿರುಕು ಒಣಗಿರಬೇಕು. ಟೊಳ್ಳು ಬ್ಲಾಕಿಗೆ ಈ ಚುಚ್ಚುಮದ್ದು ನಡೆಯುವುದಿಲ್ಲ, ಎಲ್ಲ ಒಳಗಿನ ಪೊಳ್ಳಿಗೆ ಸೋರಿ ಹೋಗುತ್ತದೆ.

ಗೋಡೆಯ ನಡು ಎತ್ತರದಲ್ಲಿ ಅಡ್ಡಕ್ಕೆ ಬಿರುಕು ಇದ್ದು, ಗೋಡೆ ಸ್ವಲ್ಪವಾದರೂ ಒಳಕ್ಕೆ ಉಬ್ಬಿದಂತಿದ್ದರೆ ತೇವದ ಮಾತು ಆಮೇಲೆ. ಹೊರಗಿನ ಮಣ್ಣು ಗೋಡೆಯನ್ನು ತಳ್ಳುತ್ತಿದೆ. ಕಟ್ಟಡದ ಎಂಜಿನಿಯರ್ ಬಂದು ನೋಡುವ ತನಕ ಏನನ್ನೂ ಮುಚ್ಚಬೇಡಿ.

ಇಟ್ಟಿಗೆಮನೆ

ಅಡ್ಡಕ್ಕೇ ಇದೆ. ಎಂಜಿನಿಯರರಿಗೆ ಫೋನ್ ಮಾಡುತ್ತೇನೆ. ಧನ್ಯವಾದ.

ಕೆಳಮನೆ

ಹಾಳೆಗಳ ವರದಿ. ಹಿಂದಿನ ಗೋಡೆಯದು: ಒಳಮೈಯಲ್ಲಿ ಹನಿಗಳು ಸಾಲುಗಟ್ಟಿವೆ, ಕಿತ್ತು ತೆಗೆದಾಗ ಕಾಂಕ್ರೀಟಿನಲ್ಲಿ ಹಾಳೆಯ ಆಕಾರಕ್ಕೇ ಕಪ್ಪು ಚೌಕ. ಪಕ್ಕದ ಗೋಡೆಯದು: ಒಳಮೈ ಒಣಗಿತ್ತು, ಹೊರಮೈ ಕೈಗೆ ತಣ್ಣಗೆ ಒದ್ದೆ. ನೆಲದ ನಡುವಿನದು: ಒಳಗೆ ಮಸುಕು, ಹನಿ ಇಲ್ಲ. ಮೂಲೆಯದು ಹೇಳುವಂತೆಯೇ ಇಲ್ಲ, ಟೇಪ್ ನಿಲ್ಲಲೇ ಇಲ್ಲ.

ಮಳೆಲೆಕ್ಕ

ಚಿತ್ರ ಸ್ಪಷ್ಟವಾಯಿತು. ಹಿಂದಿನ ಗೋಡೆಗೆ ಹೊರಗಿನ ನೀರು. ಪಕ್ಕದ ಗೋಡೆಗೆ ಬರೀ ಗಾಳಿಯ ತೇವ. ನೆಲದಡಿಯಿಂದ ಸ್ವಲ್ಪ ಆವಿ ಏರುತ್ತಿದೆ. ಕಾಂಕ್ರೀಟ್ ಸುರಿಯುವ ಮೊದಲು ಅಡಿಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿರಲಿಕ್ಕಿಲ್ಲ, ಅಥವಾ ಹಾಸಿದ್ದು ಹರಿದಿರಬೇಕು.

ಪೈಪನ್ನು ದೂರಕ್ಕೆ ಒಯ್ದು, ವಾಟ ಸರಿಮಾಡಿ, ನಾಲ್ಕಾರು ಜೋರು ಮಳೆ ನೋಡಿ. ಸಂದಿಯ ಕಪ್ಪು ಗೆರೆ ಹೋಗಿಬಿಟ್ಟರೆ ಅಗೆಯುವ ಪ್ರಶ್ನೆಯೇ ಇಲ್ಲ. ಹೋಗದಿದ್ದರೆ ಮಾತ್ರ ಚರಂಡಿ ಪೈಪಿನ ಯೋಚನೆ.

ಕೆಳಮನೆ

ಹೋಗದಿದ್ದರೆ ಎಂಬುದನ್ನೂ ಈಗಲೇ ತಿಳಿದುಕೊಳ್ಳುತ್ತೇನೆ. ಹೊರಗೆ ಅಗೆಯುವುದೋ, ಒಳಗೆ ನೆಲ ಒಡೆಯುವುದೋ?

ಗಾರೆಕೈ

ನನ್ನ ಮತ ಹೊರಗಿನದಕ್ಕೆ. ನೀರನ್ನು ಗೋಡೆಗೆ ತಾಗಲು ಬಿಟ್ಟು ಆಮೇಲೆ ಒಳಗೆ ಹಿಡಿಯುವುದು ಯಾವ ನ್ಯಾಯ? ಹೊರಗೆ ಬುನಾದಿಯ ಪಾದದವರೆಗೆ, ಅಂದರೆ ಗೋಡೆ ನಿಂತಿರುವ ಅಗಲವಾದ ತಳದವರೆಗೆ ಅಗೆದು, ಗೋಡೆ ತೊಳೆದು, ಬಿಟುಮೆನ್ ಪೊರೆ ಹಚ್ಚಿ, ಅದರ ಮೇಲೆ ಗುಬುಟು ಗುಬುಟಾದ ಪ್ಲಾಸ್ಟಿಕ್ ಹಾಳೆ ಹೊದಿಸಿ, ಪಾದದ ಪಕ್ಕದಲ್ಲಿ ತೂತಿನ ಪೈಪ್ ಇಡಬೇಕು. ಪೈಪಿನ ನೆತ್ತಿ ಒಳಗಿನ ನೆಲದ ಕಾಂಕ್ರೀಟಿನ ಅಡಿಮಟ್ಟಕ್ಕಿಂತ ಕೆಳಗಿರಬೇಕು, ಆದರೆ ಪೈಪಿಗಾಗಿ ಪಾದದ ತಳಕ್ಕಿಂತ ಆಳಕ್ಕೆ ತೋಡಬಾರದು. ತೋಡಿದರೆ ಬುನಾದಿಯಡಿಯ ಮಣ್ಣೇ ಜಾರುತ್ತದೆ. ತೂತುಗಳು ಕೆಳಮುಖವಾಗಿರಲಿ. ಮೇಲ್ಮುಖವಾಗಿಟ್ಟರೆ ನೀರು ಪೈಪಿನೆತ್ತರಕ್ಕೆ ಏರಿದ ಮೇಲೆಯೇ ಒಳಗಿಳಿಯುತ್ತದೆ. ಸುತ್ತ ತೊಳೆದ ಜಲ್ಲಿ, ಜಲ್ಲಿಯ ಸುತ್ತ ಸೋಸುಬಟ್ಟೆ. ಪೈಪಿಗೇ ಬಟ್ಟೆ ಸುತ್ತಿ ಮಾರುವುದುಂಟು, ನುಣುಪು ಮಣ್ಣಿನಲ್ಲಿ ಅದು ಬೇಗ ಕಟ್ಟಿಕೊಳ್ಳುತ್ತದೆ. ಜಲ್ಲಿಗೆ ಸುತ್ತಿದರೆ ಬಟ್ಟೆಯ ವಿಸ್ತಾರ ಹೆಚ್ಚು, ಕಟ್ಟಿಕೊಳ್ಳುವುದು ನಿಧಾನ.

ಅಗೆಯುವ ಕೆಲಸ ಹುಡುಗಾಟವಲ್ಲ. 1 ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗೂ ಹೆಚ್ಚು ತೂಗುತ್ತದೆ. ಒಂದೂವರೆ ಮೀಟರ್ ಮೀರಿದ ಕಂದಕಕ್ಕೆ ಬದಿಗೆ ಆಸರೆ ಕೊಡದೆ ಯಾರನ್ನೂ ಇಳಿಸಬೇಡಿ. ಒದ್ದೆ ಮಣ್ಣಾದರೆ ಅದಕ್ಕಿಂತ ಕಡಿಮೆ ಆಳವೂ ಅಪಾಯವೇ.

ಪಂಪುಗಾರ

ಹೊರಗೆ ಅಗೆಯುವುದು ಸರಿ, ಆದರೆ ಅಲ್ಲಿ ಕಾರು ನಿಲ್ಲಿಸುವ ಕಾಂಕ್ರೀಟು, ಮೆಟ್ಟಿಲು, ಪಕ್ಕದ ಮನೆಯ ಗೋಡೆ ಇದ್ದರೆ? ಕಟ್ಟಿದ ಮನೆಗಳಲ್ಲಿ ಒಳಗಿನ ಚರಂಡಿಯೇ ಹೆಚ್ಚು ನಡೆಯುವ ದಾರಿ. ಗೋಡೆಗುಂಟ ಸುಮಾರು 30 ಸೆಂಟಿಮೀಟರ್ ಅಗಲಕ್ಕೆ ನೆಲ ಕತ್ತರಿಸಿ, ಪಾದದ ಪಕ್ಕದಲ್ಲಿ ಜಲ್ಲಿಯೊಳಗೆ ತೂತಿನ ಪೈಪ್ ಹಾಕಿ, ಗುಂಡಿಯೊಂದಕ್ಕೆ ವಾಟ ಕೊಟ್ಟು, ಅಲ್ಲಿಂದ ಪಂಪ್. ಗೋಡೆಯ ಬುಡಕ್ಕೆ ಗುಬುಟು ಹಾಳೆಯ ಪಟ್ಟಿ ಇಟ್ಟು ಅದರ ಕೆಳತುದಿಯನ್ನು ಜಲ್ಲಿಗಿಳಿಸಿ ಮತ್ತೆ ಕಾಂಕ್ರೀಟ್ ಹಾಕಿದರೆ, ಗೋಡೆಯಿಂದ ಜಿನುಗಿದ್ದು ಹಾಳೆಯ ಹಿಂದಿನಿಂದಲೇ ಇಳಿದು ಹೋಗುತ್ತದೆ. ನೆಲದಡಿಯಲ್ಲಿ ನೀರಿನ ಮಟ್ಟ ಏರುವ ಜಾಗವಾದರೆ ಹೊರಗಿನ ಪೊರೆಗಿಂತ ಇದೇ ಮೇಲು, ಏಕೆಂದರೆ ಅಲ್ಲಿ ನೀರು ಗೋಡೆಯಿಂದಲ್ಲ, ಕೆಳಗಿನಿಂದ ಬರುತ್ತದೆ.

ಮೂಲೆಗಳಲ್ಲಿ ಪೈಪಿಗೆ ಮುಚ್ಚಳವಿರುವ ಬಾಯಿ ಬಿಡಿಸಿಕೊಳ್ಳಿ. ಕೆಲವು ನೆಲದಲ್ಲಿ ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಾ ಕಿತ್ತಳೆ ಬಣ್ಣದ ಲೋಳೆ ಕಟ್ಟಿ ಪೈಪನ್ನೇ ತುಂಬಿಬಿಡುತ್ತವೆ. ಬಾಯಿ ಇದ್ದರೆ ನೀರಿನ ಒತ್ತಡದಿಂದ ತೊಳೆಯಬಹುದು. ಇದೇ ಕಾರಣಕ್ಕೆ ಸುರುಳಿ ಪೈಪಿಗಿಂತ ಗಟ್ಟಿ ಪಿವಿಸಿ ಪೈಪ್ ನನ್ನ ಆಯ್ಕೆ.

ಗಾರೆಕೈ

ಪಂಪನ್ನೇ ನಂಬಿ ಮಲಗುವ ಕೋಣೆ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಗುಡುಗು ಸಿಡಿಲಿನ ರಾತ್ರಿ ಕರೆಂಟ್ ಹೋಗುತ್ತದೆ, ಪಂಪಿನ ಅಗತ್ಯ ಬೀಳುವುದೂ ಅದೇ ರಾತ್ರಿ.

ಪಂಪುಗಾರ

ಅದಕ್ಕೇ ಬ್ಯಾಟರಿಯಲ್ಲಿ ಓಡುವ ಎರಡನೆಯ ಪಂಪ್, ಮೊದಲನೆಯದಕ್ಕಿಂತ ಸ್ವಲ್ಪ ಎತ್ತರದಲ್ಲಿ. ನೀರು ಆ ಎತ್ತರಕ್ಕೆ ಬಂದರೆ ಕೂಗುವ ಒಂದು ಅಲಾರಂ. ಮನೆಯ ಹಿಂದೆ ನೆಲ ಸಾಕಷ್ಟು ಇಳಿಜಾರಾಗಿದ್ದು ಪೈಪನ್ನು ತಾನಾಗಿಯೇ ಹೊರಕ್ಕೆ ಹರಿಸಲು ಸಾಧ್ಯವಾದರೆ ಪಂಪೇ ಬೇಡ, ಅದಕ್ಕಿಂತ ಒಳ್ಳೆಯದಿಲ್ಲ.

ಪಂಪ್ ಹಾಕುವವರು ಎರಡು ಸಣ್ಣ ಸಂಗತಿ ನೆನಪಿಡಿ. ನೀರು ಹಿಂದಿರುಗದಂತೆ ತಡೆಯುವ ವಾಲ್ವ್ ಇರಲೇಬೇಕು, ಇಲ್ಲದಿದ್ದರೆ ಮೇಲೇರಿಸಿದ ನೀರು ಪ್ರತಿ ಸಲ ಗುಂಡಿಗೇ ಮರಳುತ್ತದೆ. ಪಂಪಿಗೂ ಆ ವಾಲ್ವಿಗೂ ನಡುವೆ ಪೈಪಿನಲ್ಲಿ 3ರಿಂದ 5 ಮಿಲಿಮೀಟರಿನ ಒಂದು ತೂತು ಕೊರೆಯಬೇಕು, ಅದು ಗುಂಡಿಯೊಳಗೇ ಇರುವಂತೆ. ಇಲ್ಲದಿದ್ದರೆ ಪಂಪಿನಲ್ಲಿ ಗಾಳಿ ಸಿಕ್ಕಿಕೊಂಡು, ಮೋಟಾರ್ ಗುಂಯ್‌ಗುಡುತ್ತದೆ, ನೀರು ಏರುವುದಿಲ್ಲ. ಪಂಪ್ ಕೆಟ್ಟಿತೆಂದು ಬದಲಿಸಿದವರನ್ನು ಕಂಡಿದ್ದೇನೆ, ತೂತೊಂದು ಸಾಕಾಗಿತ್ತು. ನೀರು ಹೊರಬೀಳುವ ಜಾಗವೂ ಗೋಡೆಯಿಂದ ದೂರವಿರಲಿ. ಗೋಡೆಯ ಪಕ್ಕದಲ್ಲೇ ಸುರಿದರೆ ಅದೇ ನೀರು ಸುತ್ತುತ್ತಿರುತ್ತದೆ, ಪಂಪ್ ಬೆವರುತ್ತಿರುತ್ತದೆ.

ಗುಂಡಿಗೆ ಗಾಳಿಯಾಡದ ಮುಚ್ಚಳ ಬೇಕು. ತೇವಕ್ಕೆ ಮಾತ್ರವಲ್ಲ, ನೆಲದಿಂದ ರೇಡಾನ್ ಎಂಬ ವಿಕಿರಣಶೀಲ ಅನಿಲ ಬರುವ ಜಾಗಗಳಲ್ಲಿ ಅದಕ್ಕೂ ಇದೇ ಬಾಗಿಲು. ಕೆಳಗೆ ಮಲಗುವ ಕೋಣೆ ಮಾಡುವವರು ರೇಡಾನ್ ಅಳತೆ ಮಾಡಿಸುವುದು ಒಳ್ಳೆಯದು. ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಟ್ಟ ಪ್ರತಿ ಘನ ಮೀಟರ್ ಗಾಳಿಗೆ 100 ಬೆಕೆರೆಲ್ (ವಿಕಿರಣಶೀಲತೆಯ ಅಳತೆ).

ಸಂಶಯಿ

ಮೊದಲಿನಿಂದ ಓದಿದೆ. ಎಲ್ಲ ಸರಿ, ಆದರೆ ಸೆಕೆಗಾಲದ ವಾಸನೆಗೆ ಇಷ್ಟೆಲ್ಲ ಏಕೆ? ಕಿಟಕಿ ತೆರೆದು ಗಾಳಿಯಾಡಿಸಿದರೆ ಆಗದೇ?

ಮಳೆಲೆಕ್ಕ

ಆ ಹೊತ್ತಿನಲ್ಲಿ ಕಿಟಕಿ ತೆರೆಯುವುದೇ ವಾಸನೆಗೆ ಕಾರಣ. ಹೊರಗೆ 30 ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಆರ್ದ್ರತೆ 70 ಶೇಕಡಾ ಎನ್ನಿ. ಆ ಗಾಳಿಯ ಇಬ್ಬನಿ ಬಿಂದು, ಅಂದರೆ ಅದರ ತೇವ ಹನಿಯಾಗತೊಡಗುವ ಉಷ್ಣತೆ, ಸುಮಾರು 24 ಡಿಗ್ರಿ. ಮಣ್ಣಿಗೆ ತಾಗಿದ ಗೋಡೆ 20 ಡಿಗ್ರಿ ಇದ್ದರೆ ಒಳಗೆ ಬಂದ ಗಾಳಿ ಅದರ ಮೇಲೆ ನೀರಾಗಿ ಇಳಿಯುತ್ತದೆ. ಬೇಸಿಗೆಯಲ್ಲಿ ತಣ್ಣೀರಿನ ಲೋಟ ಬೆವರುವಂತೆ. ಕಿಟಕಿ ಎಷ್ಟು ಹೊತ್ತು ತೆರೆದಿರುತ್ತದೋ ಅಷ್ಟು ಹೊತ್ತು ತೇವವನ್ನು ಒಳಗೆ ಸುರಿಯುತ್ತಲೇ ಇರುತ್ತೀರಿ. ಹೊರಗೆ ತಂಪಾಗಿ ಒಣಗಿರುವ ದಿನ ತೆರೆಯಿರಿ, ಅಡ್ಡಿಯಿಲ್ಲ.

ಸೆಕೆಗಾಲದಲ್ಲಿ ಕಿಟಕಿ ಮುಚ್ಚಿ, ಗಾಳಿಯ ತೇವ ಹೀರುವ ಯಂತ್ರ ಡಿಹ್ಯುಮಿಡಿಫೈಯರ್ ಓಡಿಸಿ. ಗಾಳಿಯ ಆರ್ದ್ರತೆ 50 ಶೇಕಡಾ ಆಸುಪಾಸಿನಲ್ಲಿರಲಿ, 60 ದಾಟದಿರಲಿ. ಅದರ ನೀರನ್ನು ಕೊಳವೆಯಲ್ಲಿ ನೇರ ಚರಂಡಿಗೆ ಬಿಡಿ. ಡಬ್ಬಿ ತುಂಬಿದಾಗ ಯಂತ್ರ ತಾನೇ ನಿಲ್ಲುತ್ತದೆ, ಖಾಲಿ ಮಾಡುವುದನ್ನು ಎಲ್ಲರೂ ಮರೆಯುತ್ತಾರೆ. ಆದರೆ ಗೋಡೆಯಿಂದ ನೀರು ಬರುತ್ತಿರುವಾಗ ಯಂತ್ರವನ್ನು ನಂಬಿಕೊಂಡರೆ ವಿದ್ಯುತ್ ಬಿಲ್ ಏರುತ್ತದೆ, ಗೋಡೆ ಆರುವುದಿಲ್ಲ.

ಕೆಳಮನೆ

ಗೋಡೆ ಒಣಗಿತು ಎಂದುಕೊಳ್ಳೋಣ. ಗುತ್ತಿಗೆದಾರರು ಹೇಳಿದ ಮರದ ಚೌಕಟ್ಟು, ಗಾಜಿನುಣ್ಣೆ, ಪ್ಲಾಸ್ಟಿಕ್ ಹಾಳೆ ಆಗಬಹುದೇ?

ಮಳೆಲೆಕ್ಕ

ಪ್ಲಾಸ್ಟಿಕ್ ಹಾಳೆಗೆ ನಾನು ಖಡಾಖಂಡಿತವಾಗಿ ಬೇಡ ಎನ್ನುತ್ತೇನೆ. ಮಣ್ಣಿನೊಳಗಿನ ಗೋಡೆ ಹೊರಕ್ಕೆ ಆರಲಾರದು, ಅದರ ಹೊರಗೆ ಸದಾ ಒದ್ದೆ. ಅದಕ್ಕೆ ಆರಲು ಇರುವುದು ಒಳಗಿನ ಒಂದೇ ದಿಕ್ಕು. ಅಲ್ಲಿ ಹಾಳೆ ಎಳೆದರೆ ಗೋಡೆಯಿಂದ ಬಂದ ಆವಿ ಹಾಳೆಗೂ ಕಾಂಕ್ರೀಟಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಅದೇ ಜಾಗದಲ್ಲಿ ಮರ ಇದೆ, ಗಾಜಿನುಣ್ಣೆ ಇದೆ, ಬೋರ್ಡಿನ ಕಾಗದ ಇದೆ. ಬೂಷ್ಟಿಗೆ ಬೇಕಾದ್ದನ್ನೆಲ್ಲ ಒಂದೇ ಕಡೆ ಜೋಡಿಸಿಟ್ಟಂತಾಯಿತು.

ನಾನು ಮಾಡುವ ಕ್ರಮ ಹೀಗೆ. ಕಾಂಕ್ರೀಟಿಗೆ ನೇರವಾಗಿ 50 ಮಿಲಿಮೀಟರ್ ದಪ್ಪದ ಗಟ್ಟಿ ಫೋಮ್ ಹಲಗೆ ಅಂಟಿಸುವುದು, ಎಕ್ಸ್‌ಪಿಎಸ್ ಆದರೂ ಸರಿ, ದಟ್ಟವಾದ ಇಪಿಎಸ್ ಆದರೂ ಸರಿ, ಎರಡೂ ಥರ್ಮೋಕೋಲ್ ಜಾತಿಯ ಫೋಮುಗಳೇ. ಹಲಗೆಗಳ ನಡುವಿನ ಸೇರುವೆಗೆ ಟೇಪ್, ಮೇಲೆ ಕೆಳಗೆ ಫೋಮ್ ಸೀಲ್. ಕೋಣೆಯ ಬೆಚ್ಚನೆ ಗಾಳಿ ತಣ್ಣನೆ ಕಾಂಕ್ರೀಟಿಗೆ ಎಲ್ಲೂ ತಾಗಬಾರದು, ಇಡೀ ಕಸರತ್ತಿನ ಉದ್ದೇಶ ಇದೇ. ಅಂಟನ್ನು ಚುಕ್ಕಿ ಚುಕ್ಕಿಯಾಗಿ ಇಟ್ಟು ಹಿಂದೆ ಸಂದು ಬಿಟ್ಟರೆ ಗಾಳಿ ಅಲ್ಲಿ ಸುತ್ತಾಡುತ್ತದೆ. ಅಂಚಿಗೆ ಮುಚ್ಚುವಂತೆ ಗೆರೆ ಎಳೆಯಬೇಕು.

ಫೋಮಿನ ಮುಂದೆ ಚೌಕಟ್ಟು. ಚೌಕಟ್ಟಿನ ಕೆಳಪಟ್ಟಿ ಸಂಸ್ಕರಿಸಿದ ಮರದ್ದಾಗಿರಲಿ, ಅದರಡಿಗೆ ತೆಳು ಫೋಮ್ ಪಟ್ಟಿ ಇರಲಿ. ಲೋಹದ ಚೌಕಟ್ಟಾದರೆ ಇನ್ನೂ ನಿಶ್ಚಿಂತೆ. ಫೋಮನ್ನು ತೆರೆದಿಟ್ಟು ಬಿಡಬಾರದು, ಬೆಂಕಿ ತಗುಲಿದರೆ ದಟ್ಟ ವಿಷ ಹೊಗೆ. 12.5 ಮಿಲಿಮೀಟರಿನ ಜಿಪ್ಸಮ್ ಬೋರ್ಡ್ ಮುಚ್ಚಲೇಬೇಕು. ಕಾಗದವಿಲ್ಲದ ಬೋರ್ಡ್ ಸಿಕ್ಕಿದರೆ ಅದನ್ನೇ ಹಾಕಿ. ಬೋರ್ಡಿನ ಕೆಳ ಅಂಚು ನೆಲಕ್ಕೆ ತಾಗದಂತೆ 12 ಮಿಲಿಮೀಟರ್ ಬಿಟ್ಟು ಪಟ್ಟಿಯಿಂದ ಮರೆಮಾಡಿ, ಇಲ್ಲದಿದ್ದರೆ ನೆಲದಲ್ಲಿ ಚೆಲ್ಲಿದ ನೀರನ್ನು ಅದು ದೀಪದ ಬತ್ತಿಯಂತೆ ಏರಿಸಿಕೊಳ್ಳುತ್ತದೆ.

ಸಂಶಯಿ

ಮರದ ನೆಲ?

ಗಾರೆಕೈ

ಕಾಂಕ್ರೀಟಿನ ಮೇಲೆ ನೇರವಾಗಿ ಮರ ಇಟ್ಟರೆ ಉಬ್ಬುತ್ತದೆ, ಬಾಗುತ್ತದೆ. ಗುಬುಟು ಹಾಳೆ ಹಾಸಿ ಅದರ ಮೇಲೆ ಪ್ಲೈವುಡ್, ಅಥವಾ ತೆಳು ಫೋಮ್ ಹಲಗೆಯ ಮೇಲೆ ಪ್ಲೈವುಡ್ ಎರಡು ಪದರ. ಗೋಡೆಯ ಸುತ್ತ ಒಂದು ಸೆಂಟಿಮೀಟರ್ ಸಂದು ಬಿಡಿ, ಮರ ಹಿಗ್ಗಲು ಜಾಗ ಬೇಕು. ಇಷ್ಟೆಲ್ಲ ಎತ್ತರ ಕಳೆದುಕೊಳ್ಳಲು ಇಷ್ಟವಿಲ್ಲದಿದ್ದರೆ ಟೈಲ್ಸ್. ಟೈಲ್ಸಿಗೆ ತೇವದ ಹೆದರಿಕೆ ಇಲ್ಲ, ತಣ್ಣಗಿರುತ್ತದೆ ಅಷ್ಟೇ. ಗೋಡೆಯಿಂದ ಗೋಡೆಗೆ ಅಂಟಿಸುವ ಕಾರ್ಪೆಟ್ ಮಾತ್ರ ಯಾರೂ ಹಾಕಿಸಬೇಡಿ.

ಹೊಸದಾಗಿ ಕಾಂಕ್ರೀಟ್ ಸುರಿದವರಿಗೆ ಒಂದು ಮಾತು. ಅದರೊಳಗೇ ನೀರಿರುತ್ತದೆ. ಕ್ಯೂರಿಂಗ್ (ಗಟ್ಟಿಯಾಗಲು ಒದ್ದೆಯಾಗಿಡುವುದು) ಮುಗಿದ ಮೇಲೆ ಪ್ರತಿ 25 ಮಿಲಿಮೀಟರ್ ದಪ್ಪಕ್ಕೆ ಸುಮಾರು ಒಂದು ತಿಂಗಳು ಆರಲು ಬಿಡುವುದು ರೂಢಿ.

ಒಣಗೋಡೆ

ಓದುತ್ತ ಹೋದಂತೆ ನಮ್ಮ ಗೋಡೆಯ ಅದೃಷ್ಟ ಇಳಿಜಾರಿನದು ಎಂದು ಒಪ್ಪಬೇಕಾಗಿ ಬಂದಿದೆ. ಆದರೂ ಹೇಳುತ್ತೇನೆ, ಹೊರಗಿನ ನೀರು ನಿಂತ ಮೇಲೆ ಆ ಹಿಂದಿನ ಗೋಡೆಗೆ ಸಿಮೆಂಟ್ ಲೇಪ ಒಂದು ಕೋಟು ಹಾಕಿಸಿದರೆ ನಷ್ಟವಿಲ್ಲ.

ಮಳೆಲೆಕ್ಕ

ಆ ಕ್ರಮದಲ್ಲಿ ಆದರೆ ನನ್ನ ತಕರಾರಿಲ್ಲ. ಉಪ್ಪನ್ನು ತಂತಿ ಬ್ರಷ್ಷಿನಿಂದ ಪೂರ್ತಿ ಕೆರೆದು ತೆಗೆದ ಮೇಲೆ ಬಳಿಯಿರಿ. ಉಪ್ಪಿನ ಮೇಲೆ ಯಾವ ಲೇಪವೂ ಹಿಡಿಯುವುದಿಲ್ಲ.

ಕೆಳಮನೆ

ಪೈಪ್ ತಿರುಗಿಸಲು ಕೊಳಾಯಿ ಕೆಲಸದವರನ್ನು ಕರೆದಿದ್ದೇನೆ. ಗೋಡೆಯಿಂದ 3 ಮೀಟರ್ ದೂರಕ್ಕೆ ಒಯ್ಯುತ್ತಾರೆ. ವಾಟಕ್ಕೆ ಮಣ್ಣು ಬರುತ್ತಿದೆ, ಪಾತಿಯ ಸ್ಥಳಾಂತರಕ್ಕೂ ಒಪ್ಪಿಗೆ ಸಿಕ್ಕಿದೆ. ಮಳೆ ನೋಡುವ ತನಕ ಬೋರ್ಡ್ ಬೇಡ ಎಂದು ಗುತ್ತಿಗೆದಾರರಿಗೆ ತಿಳಿಸಿದೆ, ಅವರಿಗೆ ಅಷ್ಟು ರುಚಿಸಲಿಲ್ಲ. ಅಷ್ಟರಲ್ಲಿ ಸೀಲಿಂಗಿನ ವೈರಿಂಗ್ ಮಾಡಿಸಿಕೊಳ್ಳಬಹುದಲ್ಲವೇ?

ಇನ್ನೊಂದು ಪ್ರಶ್ನೆ ಉಳಿದಿದೆ. ನೆಲಮಟ್ಟಕ್ಕಿಂತ ಕೆಳಗಿರುವ ಕಿಟಕಿಯ ಹೊರಗೆ ಕಟ್ಟೆ ಕಟ್ಟಿದ ಗುಂಡಿಯಿದೆ. ಅದರ ತಳ ಬರೀ ಮಣ್ಣು.

ಗಾರೆಕೈ

ವೈರಿಂಗ್ ಧಾರಾಳವಾಗಿ ಮಾಡಿಸಿ. ಪಾಯಿಂಟ್‌ಗಳನ್ನು ನೆಲದಿಂದ ಸ್ವಲ್ಪ ಎತ್ತರಕ್ಕೇ ಇಡಿಸಿ.

ಕಿಟಕಿಯ ಗುಂಡಿ ಮಳೆಗೆ ಬಕೆಟ್ ಇದ್ದಂತೆಯೇ, ತುಂಬಿದರೆ ಕಿಟಕಿಯ ಚೌಕಟ್ಟಿನಿಂದಲೇ ಒಳಗೆ. ತಳದ ಮಣ್ಣು ತೆಗೆದು ಕಿಟಕಿಯ ಕೆಳ ಅಂಚಿಗಿಂತ 15 ಸೆಂಟಿಮೀಟರಾದರೂ ಕೆಳಗಿರುವಂತೆ ಜಲ್ಲಿ ತುಂಬಿಸಿ. ಮುಂದೆ ಹೊರಗಿನ ಚರಂಡಿ ಪೈಪ್ ಹಾಕಿಸುವುದಾದರೆ ಈ ಜಲ್ಲಿಯಿಂದ ಅದಕ್ಕೆ ನೆಟ್ಟಗೆ ಒಂದು ಪೈಪ್ ಇಳಿಸಿಬಿಡಿ. ಕಟ್ಟೆಯ ಅಂಚು ಸುತ್ತಲಿನ ನೆಲಕ್ಕಿಂತ ಎತ್ತರವಿರಲಿ. ಮೇಲೆ ಪಾರದರ್ಶಕ ಮುಚ್ಚಳ ಹಾಕಿಸುವುದಾದರೆ ಒಳಗಿನಿಂದ ತಳ್ಳಿದರೆ ತೆರೆಯುವಂಥದ್ದನ್ನೇ ಹಾಕಿಸಿ, ಮಲಗುವ ಕೋಣೆಗೆ ಬೆಂಕಿ ಬಿದ್ದಾಗ ಹೊರಬರಲು ಅದೇ ದಾರಿ.